ಬಂದವರನ್ನು ಎಣಿಸದ ಮನೆಯ ರೌಟರ್

ತಂತ್ರಾಂಶದ ಹೊಸ ಆವೃತ್ತಿ ಬಿಡುಗಡೆಯಾದಾಗ ಅದರ ಹೆಸರಿನ ಮುಂದೆ ‘ಸ್ಥಿರ’ ಎಂದು ಬರೆಯುತ್ತಾರಲ್ಲ, ಆ ಪದ ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಯಾರ ಮನೆಯಲ್ಲಿ ಸ್ಥಿರ? ಬರೆದವರ ಮನೆಯಲ್ಲಿ. ಚಿತ್ತಾಪುರದ ನನ್ನ ಅಕ್ಕನ ಮನೆಗೆ ಬಂದು ಒಂದು ವಾರ ಇದ್ದು, ಆಮೇಲೆ ಬರೆಯಲಿ ನೋಡೋಣ.

ನಾನು ಶಹಾಬಾದಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ. ಟೈಪಿಂಗ್ ಕಲಿಸುವುದು, ಆನ್‌ಲೈನ್ ಅರ್ಜಿ ತುಂಬಿಕೊಡುವುದು, ಇವು ಹೊಟ್ಟೆಪಾಡು. ಹುಚ್ಚು ಬೇರೆಯದು. ಮನೆಯ ವೈಫೈ ರೌಟರ್ ಒಳಗೆ ಕೂತು ಅದನ್ನು ನಡೆಸುವ ತಂತ್ರಾಂಶ ಒಂದಿರುತ್ತದೆ, ಫರ್ಮ್‌ವೇರ್ ಅನ್ನುತ್ತಾರೆ. ಕಂಪನಿಯವರು ಹಾಕಿಕೊಟ್ಟದ್ದು ಎಷ್ಟೋ ಸಲ ಹಾಳುಮೂಳು. ರೌಟರ್ ಮಾರಿದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಕಿತ್ತು ಆ ಜಾಗದಲ್ಲಿ ಕೂರಿಸಲು ಮುಕ್ತ ತಂತ್ರಾಂಶ ಸಿಗುತ್ತದೆ. ಜಗತ್ತಿನ ನಾನಾ ಮೂಲೆಯ ಜನ ಸಂಬಳವಿಲ್ಲದೆ ಬರೆದು, ಯಾರು ಬೇಕಾದರೂ ನೋಡಲಿ, ತಿದ್ದಲಿ ಎಂದು ಬಯಲಿಗಿಟ್ಟದ್ದು. ನಾನು ಬರೆಯುವವಳಲ್ಲ, ಪರೀಕ್ಷೆ ಮಾಡುವವಳು. ಹೊಸದು ಬಂದಾಗ ಹಾಕಿ ನೋಡಿ, ಎಲ್ಲಿ ಮುಗ್ಗರಿಸುತ್ತದೆ ಎಂದು ಅವರಿಗೆ ವರದಿ ಕಳಿಸುತ್ತೇನೆ. ಇದರಿಂದ ನಿನಗೇನು ಸಿಗುತ್ತದೆ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಅಕ್ಕ ಚಿತ್ತಾಪುರದಲ್ಲಿ ಮನೆಯಲ್ಲೇ ಕೂತು ನೌಕರಿ ಮಾಡುತ್ತಾಳೆ. ದೂರದ ಆಸ್ಪತ್ರೆಗಳ ವೈದ್ಯರು ತಮ್ಮ ರೋಗಿಗಳ ವಿವರವನ್ನು ಬಾಯಲ್ಲಿ ಹೇಳಿ ಕಳಿಸಿರುತ್ತಾರೆ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಇವಳು ಟೈಪು ಮಾಡಬೇಕು. ಪಾಳಿ ಮುಗಿಯುವವರೆಗೆ ಕಂಪನಿಯ ಸಂಪರ್ಕ ಕಡಿಯಬಾರದು. ಕಡಿದರೆ ಅರ್ಧ ಟೈಪಾದದ್ದು ನೀರಲ್ಲಿ ಮಾಡಿದ ಹೋಮ, ಆ ಕಡತ ಇನ್ನೊಬ್ಬರ ಪಾಲು, ಇವಳ ಹೆಸರಿಗೊಂದು ಕಪ್ಪು ಚುಕ್ಕೆ. ಚುಕ್ಕೆಗಳು ಹೆಚ್ಚಾದವು. ಮೇಲಿನವರು ಫೋನು ಮಾಡಿ, ಇನ್ನೆರಡು ತಿಂಗಳು ಹೀಗೇ ಆದರೆ ಮನೆಯಿಂದ ಕೆಲಸ ಬಂದ್, ಹೈದರಾಬಾದಿನ ಕಚೇರಿಗೆ ಬಂದು ಕೂರಬೇಕು ಎಂದರು. ಮಕ್ಕಳು, ಗಂಡ, ಮಾವ, ಇಷ್ಟು ಸಂಸಾರ ಬಿಟ್ಟು ಅವಳು ಹೈದರಾಬಾದಿಗೆ ಹೋಗುವುದು ಆಗದ ಮಾತು. ಹೋಗುವುದಿಲ್ಲ ಅಂದರೆ ನೌಕರಿ ಹೋಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ತನ್ನದೆಂದು ಹಿಡಿದ ಮೊದಲ ಕೆಲಸ ಅದು. ಅದರ ಮಾತು ಬಂದರೆ ಅವಳ ದನಿಯೇ ಬೇರೆಯಾಗುತ್ತಿತ್ತು.

ಆ ಮನೆಯ ರೌಟರಿಗೆ ಮುಕ್ತ ಫರ್ಮ್‌ವೇರ್ ಹಾಕಿದವಳು ನಾನೇ. ಕಂಪನಿಯದು ದಿನಾ ಸಾಯುತ್ತಿತ್ತು, ನಾನು ಹಾಕಿದ್ದು ವಾರಕ್ಕೆ ಒಂದೆರಡು ಸಲ ಸಾಯುತ್ತಿತ್ತು. ಸುಧಾರಣೆಯೇ, ಆದರೆ ನೌಕರಿ ಉಳಿಯುವಷ್ಟಲ್ಲ.

ಯಾಕೆ ಸಾಯುತ್ತದೆ ಎಂದು ತಿಳಿಯಲು ಒಂದೇ ದಾರಿ. ರೌಟರ್ ತಾನು ಕ್ಷಣಕ್ಷಣಕ್ಕೆ ಏನು ಮಾಡುತ್ತಿದ್ದೇನೆ ಎಂದು ತನ್ನ ನೆನಪಿನಲ್ಲಿ ಗುರುತು ಹಾಕಿಕೊಳ್ಳುತ್ತಿರುತ್ತದೆ. ಅದಕ್ಕೆ ಲಾಗ್ ಅನ್ನುತ್ತಾರೆ. ಸಾಯುವ ಮುಂಚಿನ ಲಾಗ್ ಸಿಕ್ಕರೆ ರೋಗ ಗೊತ್ತಾಗುತ್ತದೆ. ಆದರೆ ಸ್ವಿಚ್ ಆರಿಸಿದ ತಕ್ಷಣ ಆ ನೆನಪೆಲ್ಲ ಅಳಿಸಿಹೋಗುತ್ತದೆ. ಸ್ವಿಚ್ ಆರಿಸಿ ಹಾಕುವುದೋ, ನಮ್ಮ ಕಡೆಯ ಜನಕ್ಕೆ ಗೊತ್ತಿರುವ ಒಂದೇ ಔಷಧ. ಟಿವಿಗೂ ಅದೇ, ಮೋಟರಿಗೂ ಅದೇ, ರೌಟರಿಗೂ ಅದೇ.

“ಅಕ್ಕಾ, ನಿಂತಾಗ ಬಂದ್ ಮಾಡಬ್ಯಾಡ. ನಾ ಬರೋತನಕ ಹಂಗೇ ಬಿಡು,” ಎಂದು ಫೋನಿನಲ್ಲಿ ಬೇಡಿಕೊಂಡೆ.

“ನೀ ಶಹಾಬಾದಿಂದ ರೈಲ್ ಹತ್ತಿ ಬರೋತನಕ ಡಾಕ್ಟರು ಬಾಯಿ ಮುಚ್ಕೊಂಡು ಕುಂದರ್ತಾರೇನು?” ಎಂದಳು.

ಅವಳ ಮಾತೂ ನಿಜವೇ. ಅವಳ ಕಂಪ್ಯೂಟರಿನಲ್ಲಿ ಲಾಗ್ ಹಿಡಿಯೋಣವೆಂದರೆ ಅದು ಕಂಪನಿಯದು, ಬೇರೆ ಏನನ್ನೂ ಹಾಕಲು ಬಿಡದಂತೆ ಬೀಗ ಜಡಿದಿದ್ದಾರೆ. ಹಾಗಾಗಿ ನಾನೇ ನನ್ನ ಲ್ಯಾಪ್‌ಟಾಪ್ ಹೊತ್ತು ಹೋಗಬೇಕು. ಕ್ಲಾಸಿಗೆ ರಜೆ ಇರುವುದು ಭಾನುವಾರ. ಭಾನುವಾರ ಹೋದೆ. ರೌಟರಿಗೆ ತಂತಿ ಸಿಕ್ಕಿಸಿ, ಇಡೀ ದಿನ ಪರದೆ ನೋಡುತ್ತ ಕೂತೆ. ಅದು ಗೋವಿನ ಹಾಗೆ ಸಾಧುವಾಗಿತ್ತು. ಮುಂದಿನ ಭಾನುವಾರವೂ ಹೋದೆ, ಸಾಧು. ನಾನು ಸಂಜೆ ರೈಲು ಹತ್ತಿ ಹೋದ ಮೇಲೆ ಸೋಮವಾರವೋ ಮಂಗಳವಾರವೋ ಅಕ್ಕನ ಫೋನು: ಮತ್ತ ನಿಂತದ. ಭಾನುವಾರಗಳೆಲ್ಲ ಹೀಗೆ ಹಾಳಾದವು. ರೊಟ್ಟಿ, ಶೇಂಗಾದ ಚಟ್ನಿ ತಿಂದು ಬಂದದ್ದಷ್ಟೇ ಲಾಭ.

ಆ ತಂತ್ರಾಂಶದ ರೇಡಿಯೋ, ಅಂದರೆ ವೈಫೈ ಅಲೆಗಳ ಭಾಗವನ್ನು ನೋಡಿಕೊಳ್ಳುವವನು ಯಾವುದೋ ಹಿಮ ಬೀಳುವ ದೇಶದವನು. ಅವನಿಗೆ ವರದಿ ಕಳಿಸಿದರೆ ಉತ್ತರ ಒಂದೇ ಸಾಲು: ನಮ್ಮಲ್ಲಿ ಹೀಗಾಗುತ್ತಿಲ್ಲ, ಲಾಗ್ ಕಳಿಸಿ. ಲಾಗ್ ಇದ್ದಿದ್ದರೆ ನಿನ್ನ ಕಾಲು ಯಾಕೆ ಹಿಡಿಯುತ್ತಿದ್ದೆ ಮಾರಾಯ? ಮತ್ತೆ ಬರೆದೆ. ಆಗ ಕೇಳಿದ, ಮನೆಯಲ್ಲಿ ಎಷ್ಟು ಫೋನುಗಳಿವೆ? ಅಕ್ಕನನ್ನು ಕೇಳಿದೆ. “ಐದು,” ಎಂದಳು. ಐದು ಎಂದು ಬರೆದೆ. ಅಷ್ಟಕ್ಕೆ ಹೀಗಾಗುವುದು ಸಾಧ್ಯವಿಲ್ಲ, ಬಹುಶಃ ನಿಮ್ಮ ಊರಿನ ಬಿಸಿಲು ಕಾರಣವಿರಬಹುದು ಎಂದು ಉತ್ತರ ಬಂತು. ಬಿಸಿಲು! ನಮ್ಮ ಕಡೆ ಏನೇ ಕೆಟ್ಟರೂ ಹೊರಗಿನವರ ಬಾಯಲ್ಲಿ ಬರುವ ಕಾರಣ ಅದೊಂದೇ. ಬಿಸಿಲಿಗೆ ಕೆಡುವುದಾದರೆ ಭಾನುವಾರದ ಬಿಸಿಲೇನು ತಂಪೇ?

ಕೊನೆಗೆ ನನ್ನ ಕಣ್ಣು ತೆರೆಸಿದ್ದು ಒಂದು ಟ್ರಾನ್ಸ್‌ಫಾರ್ಮರ್. ಕ್ಲಾಸಿನ ಓಣಿಯದು ಒಂದು ಬುಧವಾರ ಬೆಳಿಗ್ಗೆ ಸುಟ್ಟುಹೋಯಿತು. ಕರೆಂಟಿಲ್ಲದೆ ಕಂಪ್ಯೂಟರ್ ಏನು ಕಲಿಸುವುದು? ಎಲ್ಲರನ್ನೂ ಮನೆಗೆ ಕಳಿಸಿ ಸುಮ್ಮನೆ ಚಿತ್ತಾಪುರದ ರೈಲು ಹತ್ತಿದೆ.

ಅಕ್ಕನ ಮನೆ ಕೋರ್ಟಿನ ಹಿಂದಿನ ಓಣಿಯಲ್ಲಿದೆ. ಮನೆಯ ಮುಂದೆ ಫರಸಿ ಕಲ್ಲಿನ ಉದ್ದನೆಯ ಕಟ್ಟೆ. ಅಕ್ಕನ ಮಾವ ನಾಲವಾರದ ಕಡೆಯ ಹಳ್ಳಿಯಿಂದ ಬಂದು ನೆಲೆಸಿದವರು. ಆ ಕಡೆಯ ಬೀಗರು, ಊರವರು, ಊರವರಿಗೆ ಬೇಕಾದವರು ಯಾರೇ ಕೋರ್ಟಿನ ತಾರೀಖಿಗೋ ತಹಸೀಲಿನ ಕೆಲಸಕ್ಕೋ ಬಂದರೂ ಆ ಕಟ್ಟೆಯ ಮೇಲೆ ಕೂತು ನೀರು ಕುಡಿಯದೆ ಹೋಗುವ ಹಾಗಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ನಾನು ನೋಡಿದ್ದೆಲ್ಲ ಭಾನುವಾರದ ಕಟ್ಟೆ, ಕೋರ್ಟಿಗೆ ರಜೆ ಇರುವ ದಿನದ್ದು. ಬುಧವಾರದ ಕಟ್ಟೆಯನ್ನು ಮೊದಲ ಸಲ ನೋಡಿದೆ. ಕಟ್ಟೆ ತುಂಬಿ, ಮೆಟ್ಟಿಲು ತುಂಬಿ, ಎದುರು ಗೋಡೆಯ ನೆರಳಿನಲ್ಲೂ ಜನ. ಪ್ರತಿಯೊಬ್ಬರ ಕೈಯಲ್ಲೂ ಫೋನು. ಹೊಸದಾಗಿ ಬಂದವರಿಗೆ ಮಾವ ನೀರಿನ ತಂಬಿಗೆ ಕೊಡುತ್ತ, ಅದರ ಜೊತೆಗೇ ವೈಫೈ ಪಾಸ್‌ವರ್ಡನ್ನೂ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಅಷ್ಟರಲ್ಲಿ ವಕೀಲರ ಕಡೆಯವನೊಬ್ಬ ಬಂದು ಕೂಗಿದ. ಹತ್ತಾರು ಜನ ಎದ್ದು ಕೋರ್ಟಿನ ಕಡೆ ಓಡಿದರು, ಇನ್ನೂ ಹೊತ್ತಾಗುತ್ತದೆ ಎಂದು ತಿಳಿದು ವಾಪಸು ಬಂದರು. ಮತ್ತೆ ಚಹಾಕ್ಕೆ ಹೋದರು, ಮತ್ತೆ ಬಂದರು.

ನಾನು ಒಳಗೆ ಹೋಗಿ, ಊಟದ ಬಿಡುವಿನಲ್ಲಿದ್ದ ಅಕ್ಕನ ಎದುರು ನಿಂತೆ.

“ಐದೇ ಫೋನ್ ಅದಾವ ಅಂದಿದ್ದೆಲ್ಲ?”

“ಐದೇ ಅದಾವ. ಮಾವನೋರದು, ನಂದು, ನಿಮ್ಮ ಭಾವಂದು, ಮಕ್ಕಳವು ಎರಡು.”

“ಮತ್ತ ಹೊರಗ ಕುಂತವರು?”

ಅಕ್ಕ ನನ್ನನ್ನು ವಿಚಿತ್ರವಾಗಿ ನೋಡಿದಳು. “ಅವರು ಬಂದವರು,” ಎಂದಳು.

ಸಿಟ್ಟಿಗೆ ನನ್ನ ತಲೆ ಗಿರ್ರೆಂದಿತು. ಬಂದವರನ್ನು ಎಣಿಸುವುದು ಆ ಮನೆಯಲ್ಲಿ ಇಲ್ಲವೇ ಇಲ್ಲ. ಎಷ್ಟು ಜನಕ್ಕೆ ರೊಟ್ಟಿ ಬಡಿಯಲಿ ಎಂದು ಸಹ ಯಾರೂ ಕೇಳುವುದಿಲ್ಲ. ಕೇಳಿದರೆ ಬಂದವರಿಗೆ ಹೋಗು ಅಂದ ಹಾಗಂತೆ. ಅವಳು ಸುಳ್ಳು ಹೇಳಿರಲಿಲ್ಲ. ಮನೆಯಲ್ಲಿ ಎಷ್ಟು ಎಂದು ಕೇಳಿದ್ದೆ, ಮನೆಯದನ್ನು ಹೇಳಿದ್ದಳು. ಅವಳ ಆ ಐದನ್ನು ನಂಬಿ ಹಿಮದ ದೇಶದವನು ತನ್ನ ಮನೆಯಲ್ಲಿ ಐದು ಫೋನು ಜೋಡಿಸಿಕೊಂಡು ವಾರಗಟ್ಟಲೆ ಕಾದಿರಬೇಕು.

ರೋಗ ಏನಿರಬಹುದು ಎಂಬ ಅಂದಾಜು ಅಲ್ಲೇ ಹೊಳೆಯಿತು. ಒಂದು ಫೋನು ಬಂದು ಸೇರಿದಾಗ ರೌಟರ್ ತನ್ನ ನೆನಪಿನಲ್ಲಿ ಅದಕ್ಕೊಂದು ಜಾಗ ಕೊಡುತ್ತದೆ. ಫೋನು ಹೋದಾಗ ಆ ಜಾಗ ಖಾಲಿಯಾಗಬೇಕು. ಇಲ್ಲಿ ಖಾಲಿಯಾಗುತ್ತಿಲ್ಲ. ನಾಲ್ಕು ಜನರ ಮನೆಯಲ್ಲಿ ವರ್ಷ ಕಳೆದರೂ ಅದು ಗೊತ್ತಾಗುವುದಿಲ್ಲ. ಕೋರ್ಟಿಗೂ ಕಟ್ಟೆಗೂ ನಡುವೆ ಜನ ದಿನವಿಡೀ ಓಡಾಡುವ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೆನಪು ತುಂಬಿ ರೌಟರ್ ಕಣ್ಣು ಮುಚ್ಚುತ್ತದೆ. ಆದರೆ ಅಂದಾಜು ಬರೆದು ಕಳಿಸಿದರೆ ಅವನು ಒಪ್ಪುತ್ತಾನೆಯೇ? ಮತ್ತೆ ಅದೇ ಮಾತು, ಲಾಗ್ ಕಳಿಸಿ.

“ಮೊದ್ಲ ಮಾವನೋರಿಗಿ ಹೇಳು. ಜನಕ್ಕ ಪಾಸ್‌ವರ್ಡ್ ಕೊಡಬ್ಯಾಡ್ರಿ ಅಂತ ಹೇಳು,” ಎಂದೆ ಅಕ್ಕನಿಗೆ.

“ಹೇಳಂಗಿಲ್ಲ. ನೀನೂ ಹೇಳಬಾರದು, ನನ್ನ ಮ್ಯಾಲೆ ಆಣಿ,” ಎಂದಳು. “ನನ್ನ ನೌಕರಿ ಹೋಗ್ತದಂತ ಗೊತ್ತಾದ್ರ ಅವರು ಎಲ್ಲಾರನೂ ಕಟ್ಟಿ ಬಿಟ್ಟು ಏಳಿಸಿಬಿಡ್ತಾರ.”

“ಏಳಿಸಲಿ ಬಿಡು! ನೌಕರಿ ದೊಡ್ಡದೋ, ಮಂದಿ ಫೋನ್ ನೋಡೋದು ದೊಡ್ಡದೋ?”

ಅವಳು ಹೆಡ್‌ಫೋನ್ ಹಾಕಿಕೊಂಡು ಕೂತಳು. ನನ್ನ ಅಕ್ಕನಷ್ಟು ಮೊಂಡು ಹೆಂಗಸನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ.

ಲಾಗ್ ಸಿಗುವವರೆಗೆ ಏನಾದರೂ ಮಾಡಬೇಕಲ್ಲ. ಒಮ್ಮೆಗೆ ಇಷ್ಟೇ ಫೋನು ಸೇರಬೇಕು ಎಂದು ರೌಟರಿಗೆ ಮಿತಿ ಹಾಕಿದೆ. ರೋಗ ಇದ್ದದ್ದು ಎಷ್ಟು ಜನ ಕೂತರು ಎಂಬುದರಲ್ಲಲ್ಲ, ಎಷ್ಟು ಸಲ ಬಂದುಹೋದರು ಎಂಬುದರಲ್ಲಿ; ಮಿತಿ ಹಾಕಿದರೂ ಸತ್ತಿತು. ಇನ್ನೊಂದು ರೌಟರ್ ತಂದು, ಅದಕ್ಕೂ ಅದೇ ಫರ್ಮ್‌ವೇರ್ ಹಾಕಿ ಅಕ್ಕನ ಕೋಣೆಯಲ್ಲಿಟ್ಟು, ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟು, ಇದು ನಿನ್ನೊಬ್ಬಳದು ಎಂದು ಸಾರಿ ಸಾರಿ ಹೇಳಿ ಬಂದೆ. ವಾರ ಕಳೆಯುವುದರೊಳಗೆ ಅದೂ ಸತ್ತಿತು. ಕಟ್ಟೆಯದು ನಿಧಾನ ಎಂದು ಯಾರೋ ಕಿಟಕಿಯಲ್ಲಿ ಬಗ್ಗಿ ಕೇಳಿದರಂತೆ, ಇವಳು ಕೊಟ್ಟಳಂತೆ.

“ಕೇಳಿದ್ರ ಇಲ್ಲ ಅನ್ಲಿಕ್ಕ ಆಗ್ತದೇನು?” ಎಂದಳು ನನಗೇ ತಿರುಗಿ.

ಇವರ ಮಧ್ಯೆ ನಾನು ತಂತ್ರಾಂಶವನ್ನು ಸ್ಥಿರ ಮಾಡಬೇಕು!

ಕ್ಲಾಸಿಗೆ ಅರ್ಧ ದಿನ ರಜೆ ಹಾಕಿ, ತಾರೀಖು ಹೆಚ್ಚಿದ್ದ ಒಂದು ದಿನ ಲ್ಯಾಪ್‌ಟಾಪ್ ಹೊತ್ತು ಹೋದೆ. ತಂತಿ ಸಿಕ್ಕಿಸಿದೆ. ಪರದೆಯ ಮೇಲೆ ರೌಟರಿನ ನೆನಪು ತುಂಬುತ್ತ ಬರುವುದು ಕಾಣುತ್ತಿತ್ತು. ನಾನು ಅಂದಾಜು ಮಾಡಿದ್ದು ಸರಿ. ಇನ್ನೇನು ಸಾಯುತ್ತದೆ, ಸತ್ತ ಕ್ಷಣದ ಲಾಗ್ ನನ್ನ ಕೈಗೆ ಬರುತ್ತದೆ ಎಂದು ಪರದೆಯಿಂದ ಕಣ್ಣು ಕೀಳದೆ ಕೂತಿದ್ದೆ. ಆಗ ಧೋತರದ ಹಿರಿಯರೊಬ್ಬರು ಕಟ್ಟೆಯಿಂದ ಎದ್ದು ನೇರ ಪಡಸಾಲೆಗೆ ಬಂದು, ನನಗೊಂದು ನಮಸ್ಕಾರ ಮಾಡಿ, ರೌಟರಿನ ಸ್ವಿಚ್ಚನ್ನು ಟಪ್ಪೆಂದು ಆರಿಸಿದರು.

“ಜರಾ ಸ್ಲೋ ಆಗಿತ್ತವ್ವ. ಬಂದ್ ಮಾಡಿ ಚಾಲೂ ಮಾಡಿದ್ರ ಸರಿ ಆಗ್ತದ,” ಎಂದರು, ಉಪಕಾರ ಮಾಡಿದವರ ದನಿಯಲ್ಲಿ.

ರೌಟರ್ ಇನ್ನೂ ಸತ್ತಿರಲೇ ಇಲ್ಲ. ನನ್ನ ಲಾಗ್ ಹೋಯಿತು. ಕೋಣೆಯೊಳಗಿಂದ ಅಕ್ಕ “ಅಯ್ಯೋ” ಎಂದದ್ದು ಕೇಳಿಸಿತು. ಅವಳ ಕಡತವೂ ಹೋಯಿತು. ಆಮೇಲೆ ನನ್ನ ನಾಲಗೆ ನನ್ನ ಹಿಡಿತದಲ್ಲಿ ಇರಲಿಲ್ಲ. ಕಟ್ಟೆಯ ತನಕ ಕೇಳುವಂತೆ ಕೂಗಿದೆ.

“ನಿಮ್ಮ ಫೋನ್ ಸಲುವಾಗಿ ನಮ್ಮಕ್ಕನ ನೌಕರಿ ಹೋಗ್ಲಿಕತ್ತದ್ರಿ! ಒಳಗ ಕುಂತು ಆಕಿ ಏನ್ ಮಾಡ್ಲಿಕತ್ತಾಳ ಗೊತ್ತದೇನ್ರಿ ನಿಮಗ? ಇದು ಇನ್ನೊಂದೆರಡು ಸಲ ನಿಂತ್ರ ಆಕೀನ ಮನಿಗಿ ಕಳಸ್ತಾರ!”

ಮಾವ ತಂಬಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದರು.

“ಯವ್ವಾ, ನನಗ್ಯಾರೂ ಹೇಳಿಲ್ಲಲ್ಲ,” ಎಂದರು. ಅಷ್ಟೇ. ಅಕ್ಕ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ನೋಟಕ್ಕೆ, ಚಹಾ ಕೂಡ ಕುಡಿಯದೆ ರೈಲು ಹತ್ತಿದೆ.

ಮುಂದಿನ ವಾರ, ಏನಾದರಾಗಲಿ ಲಾಗ್ ಹಿಡಿದೇ ಬಿಡುವುದು ಎಂದು ಮತ್ತೆ ಹೋದೆ. ಕೋರ್ಟಿನ ದಿನ. ಓಣಿ ತಿರುಗಿದರೆ ಕಟ್ಟೆ ಖಾಲಿ! ಒಬ್ಬ ನರಪಿಳ್ಳೆ ಇಲ್ಲ. ಓಣಿಯ ಆ ತುದಿಯಲ್ಲಿ, ವೈಫೈ ಮುಟ್ಟದ ಬೇವಿನ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಾವ ಕೂತಿದ್ದರು. ಪಕ್ಕದಲ್ಲಿ ನೀರಿನ ಕೊಡ, ತಂಬಿಗೆ. ಬೆಳಿಗ್ಗೆಯಿಂದಲೂ ಬಂದವರನ್ನು ಅಲ್ಲೇ ತಡೆದು, ಅಲ್ಲೇ ನೀರು ಕೊಟ್ಟು, ಅಲ್ಲೇ ನೆಲದ ಮೇಲೆ ಕೂರಿಸುತ್ತಿದ್ದರು. ಮರದ ನೆರಳು ಸರಿದ ಹಾಗೆ ಕುರ್ಚಿ ಸರಿಸುತ್ತಿದ್ದರು.

ರೌಟರ್ ಅಂದು ಇಡೀ ದಿನ ಒಂದು ತಕರಾರೂ ಮಾಡಲಿಲ್ಲ. ಸಾಯುವ ಲಕ್ಷಣವೇ ಇಲ್ಲ. ಅಕ್ಕನ ಪಾಳಿ ಒಂದು ಕಡತವೂ ಹಾಳಾಗದೆ ಮುಗಿಯಿತು. ಲಾಗ್ ಹಿಡಿಯಲು ಬಂದ ನಾನು ಬರಿಗೈಯಲ್ಲಿ ಕೂತಿದ್ದೆ. ಕೆಡಬೇಕಾದಾಗ ಕೆಡದ ಯಂತ್ರದ ಮುಂದೆ ಕೂರುವ ಸಂಕಟ ಪರೀಕ್ಷೆ ಮಾಡುವವರಿಗೇ ಗೊತ್ತು. ಅಕ್ಕನಿಗಾದರೂ ಸಮಾಧಾನ ಆಗಿರಬೇಕು ಎಂದುಕೊಂಡರೆ, ಅವಳು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

“ಆತಲ್ಲ? ಈಗ ಸ್ಥಿರ ಆತಲ್ಲ ನಿಂದು?” ಎಂದಳು. “ಹೊರಗ ಹೋಗಿ ನೋಡಿ ಬಾ. ಹಿರೇ ಮನಷ್ಯಾ ಮಂದೀನ ಮನಿಗಿ ಕರೀಲಾರದೆ ಗಿಡದ ಕೆಳಗ ಕುಂತಾನ, ನನ್ನ ಸಲುವಾಗಿ.” ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಅವಳ ಮೇಲೆ, ಮಾವನ ಮೇಲೆ, ಐದು ಎಂದು ಬರೆದ ನನ್ನ ಕೈಯ ಮೇಲೆ, ಆ ಹಿಮದವನ ಮೇಲೆ. ನೌಕರಿ ಉಳಿಯುವ ದಾರಿ ಸಿಕ್ಕಿತ್ತು. ಕಟ್ಟೆ ಖಾಲಿ ಇಟ್ಟರೆ ಸಾಕು. ಆ ದಾರಿ ಆ ಮನೆಯಲ್ಲಿ ಒಬ್ಬರಿಗೂ ಬೇಕಿರಲಿಲ್ಲ, ಆದರೂ ಇಬ್ಬರೂ ಬಾಯಿ ಮುಚ್ಚಿಕೊಂಡು ಅದರಲ್ಲೇ ನಡೆಯುತ್ತಿದ್ದರು.

ನೇರ ಬೇವಿನ ಮರದ ಕೆಳಗೆ ಹೋದೆ. “ಕಾಕಾ, ನನಗ ಈ ಮಂದಿ ಬೇಕ್ರಿ. ಇವರು ಫೋನ್ ಹಿಡ್ಕೊಂಡು ಕಟ್ಟಿ ಮ್ಯಾಲೆ ಬಂದು ಹೋಗಿ ಮಾಡಿದ್ರ ರೌಟರ್ ಸಾಯ್ತದ. ಸತ್ರ ರೋಗ ಸಿಗ್ತದ.”

“ಸೊಸಿ ಅನ್ನದ ಮ್ಯಾಲೆ ಕಲ್ಲು ಹಾಕು ಅಂತೀ?” ಎಂದರು.

“ಅಕ್ಕನ ರಜಾ ದಿನ ಮಾಡೋಣ್ರಿ. ಗುರುವಾರ ಆಕಿಗಿ ಕೆಲಸ ಇಲ್ಲ. ಅವತ್ತ ಎಷ್ಟ ಸಲ ಸತ್ತರೂ ಯಾರಿಗೂ ಲುಕ್ಸಾನಿಲ್ಲ.”

ಅವರು ತಮ್ಮ ಫೋನು ತೆಗೆದು ಒಬ್ಬೊಬ್ಬರ ನಂಬರು ಹುಡುಕತೊಡಗಿದರು.

ಗುರುವಾರ ಬಂದ ಜನವನ್ನು ನೋಡಿ ನಾನೇ ಹೆದರಿದೆ. ತಾರೀಖು ಇದ್ದವರು, ಇಲ್ಲದವರು, ಕೇಸು ಮುಗಿದು ಹೋದವರು, ವಾಡಿಯಿಂದ ರೈಲು ಹತ್ತಿ ಬಂದವರು, ನಾಲವಾರದಿಂದ ತೊಗರಿ ಹೊಲ ಬಿಟ್ಟು ಬಂದವರು. ಸೊಸೆಯ ನೌಕರಿಯ ಕೆಲಸ ಅದ, ಫೋನ್ ತಗೊಂಡು ಬರ್ರಿ ಎಂದಷ್ಟೇ ಮಾವ ಹೇಳಿದ್ದರಂತೆ. ನಾನು ಕಟ್ಟೆಯ ಮೇಲೆ ನಿಂತು ವಿವರಿಸಿದೆ: ಕೋರ್ಟಿನ ಗೇಟಿನ ತನಕ ಹೋಗಬೇಕು, ತಿರುಗಿ ಬರಬೇಕು, ಮತ್ತೆ ಹೋಗಬೇಕು, ಸ್ವಿಚ್ ಮಾತ್ರ ಯಾರೂ ಮುಟ್ಟಬಾರದು. ಎಲ್ಲರೂ ತಲೆಯಾಡಿಸಿದರು. ಆಮೇಲೆ ನಡೆದದ್ದನ್ನು ಏನು ಹೇಳಲಿ! ಒಬ್ಬರು ಫೋನನ್ನು ಕಟ್ಟೆಯ ಮೇಲೇ ಬಿಟ್ಟು ತಾವು ಮಾತ್ರ ನಡೆದುಹೋಗಿ ಬರುತ್ತಿದ್ದರು. ಇನ್ನೊಬ್ಬರು ಬ್ಯಾಟರಿ ಉಳಿಯಲಿ ಎಂದು ಫೋನು ಬಂದ್ ಮಾಡಿ ಜೇಬಿನಲ್ಲಿಟ್ಟಿದ್ದರು. ಕೆಲವರು ಗೇಟಿನ ತನಕ ಹೋದವರು ಪರಿಚಯದವರು ಸಿಕ್ಕರೆಂದು ಅಲ್ಲೇ ಹರಟೆಗೆ ನಿಂತರು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು ಮಾವ ಕಾವಲು ಕೂತಿದ್ದರು. ಹೋದ ಸಲ ಆರಿಸಿದ ಧೋತರದ ಹಿರಿಯರನ್ನೇ ಜೊತೆಗೆ ಕೂರಿಸಿಕೊಂಡಿದ್ದರು.

ಊಟದ ಹೊತ್ತು ದಾಟಿದ ಮೇಲೆ ರೌಟರ್ ಸತ್ತಿತು. ಸಾಯುವ ಮುಂಚಿನ ಪ್ರತಿ ಸಾಲೂ ನನ್ನ ಪರದೆಯ ಮೇಲೆ ಬಂದಿತ್ತು. ನಾನು ಕುಣಿಯುವುದೊಂದು ಬಾಕಿ. ಕಟ್ಟೆಯ ಮೇಲಿಂದ ನಾಲ್ಕಾರು ದನಿ ಒಟ್ಟಿಗೇ ಕೇಳಿತು: “ಬಂದ್ ಮಾಡಿ ಚಾಲೂ ಮಾಡ್ರಿ!”

ಲಾಗ್ ಕಳಿಸಿದೆ. ಹಿಮದವನು ಈ ಸಲ ಬೇಗ ಉತ್ತರಿಸಿದ. ಫೋನು ಹೋದ ಮೇಲೆ ಜಾಗ ಖಾಲಿ ಮಾಡುವ ಸಾಲೊಂದನ್ನು ಒಂದು ಕಡೆ ಬರೆಯಲು ಮರೆತಿದ್ದರಂತೆ, ಸೇರಿಸಿದ್ದೇನೆ, ಹಾಕಿ ನೋಡಿ ಎಂದ. ಕೊನೆಗೆ, ಐದು ಎಂದಿದ್ದಿರಲ್ಲ ಎಂದೂ ಕೇಳಿದ್ದ. ಬಂದವರು ಎಂದರೆ ಯಾರು ಎಂದು ಅವನಿಗೆ ವಿವರಿಸಲು ಕೂತು, ಅರ್ಧ ಬರೆದು, ಅಳಿಸಿ, ಲೆಕ್ಕ ತಪ್ಪಿತ್ತು ಎಂದಷ್ಟೇ ಕಳಿಸಿದೆ.

ಹೊಸದನ್ನು ಮೊದಲು ನನ್ನ ಕ್ಲಾಸಿನಲ್ಲಿ ಹಾಕಿ, ಕಲಿಯಲು ಬರುವವರನ್ನೆಲ್ಲ ಬಾಗಿಲಿನಿಂದ ಒಳಗೆ ಹೊರಗೆ ಓಡಾಡಿಸಿ ಗೋಳು ಹುಯ್ದುಕೊಂಡೆ. ನಿಂತಿತು. ಅಂದರೆ ಸಾಯದೆ ನಿಂತಿತು. ಆಮೇಲೆ ಅಕ್ಕನ ಮನೆಯಲ್ಲಿ ಹಾಕಿದೆ. ಇನ್ನು ಜನ ಬರಬಹುದು ಎಂದು ಮಾವನಿಗೆ ಹೇಳಿದೆ.

ಮಾವ ಒಪ್ಪಲಿಲ್ಲ. “ನೀ ಮೊದ್ಲ ಇದನ್ನ ಹಾಕಿದಾಗೂ ಸರಿ ಆಗ್ತದ ಅಂದಿದ್ದಿ. ಯಂತ್ರದ ಮಾತು ನಂಬಿ ಆಕಿ ನೌಕರಿ ಕಳೀಲೇನು?” ಎಂದು ಮರುದಿನ ಮತ್ತೆ ಕೊಡ, ತಂಬಿಗೆ, ಕುರ್ಚಿ ಹೊರಿಸಿಕೊಂಡು ಬೇವಿನ ಮರದ ಕೆಳಗೆ ಹೋದರು. ನಾನು ಲಾಗ್ ತೋರಿಸಿದ್ದೇ ತೋರಿಸಿದ್ದು. ಮುದಿ ವಯಸ್ಸಿನವರಿಗೆ ಪರದೆಯ ಮೇಲಿನ ಸಾಲುಗಳನ್ನು ತೋರಿಸಿ ನಂಬಿಸಲು ಹೊರಟ ನನಗೇ ಬುದ್ಧಿ ಇರಲಿಲ್ಲ. ಇಷ್ಟೆಲ್ಲ ಬಡಿದಾಡಿ ತಂತ್ರಾಂಶ ಸರಿಯಾಗಿ, ಕಟ್ಟೆ ಮಾತ್ರ ಖಾಲಿಯಾಗಿಯೇ ಉಳಿದದ್ದು ಕಂಡು ನನಗೆ ಸಾಕುಸಾಕಾಗಿಹೋಗಿತ್ತು.

ಆಮೇಲೆ ಬಂದ ಕೋರ್ಟಿನ ದಿನ ನಾನು ಅಲ್ಲೇ ಇದ್ದೆ. ಅಂದು ಸಂಪರ್ಕ ಕಡಿಯಲಿಲ್ಲ, ಆ ತಿಂಗಳು ಮೇಲಿನವರ ಫೋನೂ ಬರಲಿಲ್ಲ; ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಹೊತ್ತಿನಲ್ಲಿ ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಕಿಟಕಿಯಿಂದ ನೋಡಿದರೆ ಮರದ ಕೆಳಗೆ ಜನ ಒತ್ತಿಕೊಂಡು ಕೂತಿದ್ದರು, ನೆರಳು ಸಾಲದೆ ಮಾವನ ಕುರ್ಚಿ ಅರ್ಧ ಬಿಸಿಲಿನಲ್ಲಿತ್ತು. ಅಕ್ಕ ಟೈಪು ಮಾಡುತ್ತಿದ್ದವಳು ಒಮ್ಮೆಲೇ ಕೈ ನಿಲ್ಲಿಸಿದಳು. ಹೆಡ್‌ಫೋನನ್ನು ಕೊರಳಿಗೆ ಇಳಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಅರ್ಧ ಕೇಳಿದ ಕಡತವನ್ನು ಹಾಗೇ ಬಿಟ್ಟು ಎದ್ದಳು.

“ಏ, ಪಾಳಿ ನಡದದ! ಎಲ್ಲಿಗಿ ಹೊಂಟಿ?” ಎಂದು ನಾನು ಹಿಂದೆಯೇ ಓಡಿದೆ.

ಅವಳು ಓಣಿಯ ನಡುವೆ ನಡೆದುಹೋದಳು, ಹೆಡ್‌ಫೋನಿನ ತಂತಿ ಎದೆಯ ಮೇಲೆ ಜೋಲಾಡುತ್ತಿತ್ತು. ಮಾವನ ಎದುರು ಊರ ಗಂಡಸರು ಕೂತಿದ್ದಾಗ ಅವಳು ಹಾಗೆ ಹೋಗಿ ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ.

“ಮಾವನೋರ, ಎಲ್ಲಾರನೂ ಮನಿಗಿ ಕರ್ಕೊಂಡು ಬರ್ರಿ,” ಎಂದಳು.

“ನಿನ್ನ ಕೆಲಸ ಮುಗೀಲಿ ಯವ್ವಾ.”

“ಈಗ ಬರ್ರಿ.”

“ನಡುವ ನಿಂತ್ರ?”

“ನಿಂತ್ರ ನಿಲ್ಲಲಿರಿ,” ಎಂದಳು. ದನಿ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿತ್ತು. “ಮನ್ಯಾಗ ಕುಂತು ಮಾಡೋ ಕೆಲಸ ಅಂತ ನಾ ಇದನ್ನ ಹಿಡದೀನಿ. ಮನಿ ಖಾಲಿ ಮಾಡಿ ಕುಂದ್ರಲಿಕ್ಕಲ್ಲ.”

ಮಾವ ಅವಳ ಮುಖ ನೋಡಿದರು. ಮಂದಿ ನೆಲ ನೋಡಿದರು. ಮಾವ ನಿಧಾನಕ್ಕೆ ಎದ್ದು, ಯಾರಿಗೂ ಕೊಡದೆ ಕುರ್ಚಿಯನ್ನು ತಾವೇ ಎತ್ತಿಕೊಂಡು, “ಏಳ್ರಿ, ಬಿಸಲಾಗ ಯಾಕ ಕುಂತೀರಿ, ಮನಿಗಿ ನಡೀರಿ,” ಎಂದರು. ಅಷ್ಟರಲ್ಲಿ ಅಕ್ಕ ಮನೆ ಮುಟ್ಟಿದ್ದಳು. ಕಟ್ಟೆಯ ಮೇಲೆ ಜನ ಬಂದು ಕೂರುವ ಗದ್ದಲ ನೇರ ಒಳಗೆ ಬರುತ್ತಿತ್ತು. ಅವಳು ಕೋಣೆಯ ಬಾಗಿಲು ಹಾಕಿಕೊಳ್ಳದೆ, ವೈದ್ಯರ ಮಾತನ್ನು ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದ ಟೈಪು ಮಾಡತೊಡಗಿದಳು.